ಪ್ಲೇಟ್‌ಲೆಟ್ ಎಣಿಕೆ ಹೇಳದ ಸಂಗತಿ: ರಕ್ತದ ಕ್ಯಾನ್ಸರಿನ ಹೊಸ ಔಷಧಗಳು ಮತ್ತು ರಕ್ತಸ್ರಾವ

ಮಳೆಗಾಲದಲ್ಲಿ ಡೆಂಗಿ ಹರಡಿದಾಗಲೆಲ್ಲ ಕರ್ನಾಟಕದ ಊರೂರುಗಳಲ್ಲಿ ಪ್ಲೇಟ್‌ಲೆಟ್ ಎಣಿಕೆಯ ಮಾತು ಕೇಳಿಬರುವುದರಿಂದ, ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುವ ಈ ಸೂಕ್ಷ್ಮ ಕಣಗಳು ತೀರ ಕಡಿಮೆಯಾದರೆ ರಕ್ತಸ್ರಾವವಾಗುತ್ತದೆ ಎಂಬ ತಿಳಿವಳಿಕೆ ಇಂದು ಬಹುತೇಕ ಎಲ್ಲರಿಗೂ ಇದೆ. ಈ ತಿಳಿವಳಿಕೆ ತಪ್ಪಲ್ಲವಾದರೂ ಪೂರ್ಣವಲ್ಲ. ಲ್ಯಾಬಿನ ವರದಿಯಲ್ಲಿ ಎಣಿಕೆ ಸರಿಯಾಗಿಯೇ ಇದ್ದು, ಕಣಗಳು ಮಾತ್ರ ತಮ್ಮ ಕೆಲಸ ಮಾಡಲಾರದ ಸ್ಥಿತಿಯಲ್ಲಿದ್ದರೆ ಆಗಲೂ ಗಾಯದ ರಕ್ತ ಬೇಗ ನಿಲ್ಲುವುದಿಲ್ಲ. ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಕಳೆದ ಕಾಲು ಶತಮಾನದಲ್ಲಿ ಬಳಕೆಗೆ ಬಂದಿರುವ ಗುರಿನಿರ್ದೇಶಿತ ಔಷಧಗಳು, ಅಂದರೆ ಬೆಳೆಯುವ ಜೀವಕೋಶಗಳನ್ನೆಲ್ಲ ಕೊಲ್ಲುವ ಬದಲು ರೋಗಕ್ಕೆ ಕಾರಣವಾದ ಒಂದು ಪ್ರೋಟೀನನ್ನು ಹುಡುಕಿ ತಡೆಯುವ ಮಾತ್ರೆಗಳು, ಅಪರೂಪಕ್ಕೆ ಉಂಟುಮಾಡುವ ರಕ್ತಸ್ರಾವಗಳಲ್ಲಿ ಹಲವು ಈ ಬಗೆಯವು; ಅವು ರೋಗಿಯ ಕಣ್ಣನ್ನೂ ಕೆಲವೊಮ್ಮೆ ವೈದ್ಯರ ಕಣ್ಣನ್ನೂ ತಪ್ಪಿಸಿಕೊಳ್ಳುವುದು ಇದೇ ಕಾರಣಕ್ಕೆ.

ಈ ಔಷಧಗಳ ಚರಿತ್ರೆ ಆರಂಭವಾಗುವುದು ಸಿಎಂಎಲ್ ಎಂದು ಕರೆಯುವ ದೀರ್ಘಕಾಲಿಕ ಮಯಲಾಯ್ಡ್ ಲ್ಯುಕೇಮಿಯಾದಿಂದ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ರೋಗಿಗಳ ರಕ್ತಕೋಶಗಳಲ್ಲಿ ಅಸಹಜವಾಗಿ ಗಿಡ್ಡವಾದ ಒಂದು ವರ್ಣತಂತುವನ್ನು ಗುರುತಿಸಿದರು. 1973ರಲ್ಲಿ ಷಿಕಾಗೋದ ಜಾನೆಟ್ ರೌಲಿ ಅದು ಒಂಬತ್ತನೆಯ ಮತ್ತು ಇಪ್ಪತ್ತೆರಡನೆಯ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡದ್ದರ ಫಲವೆಂದು ತೋರಿಸಿದರು. ಈ ಅದಲುಬದಲಿನಿಂದ ಬಿಸಿಆರ್ ಮತ್ತು ಏಬಿಎಲ್ ಎಂಬ ಎರಡು ಜೀನುಗಳು ಕೂಡಿಕೊಂಡು ಒಂದು ಹೊಸ ಪ್ರೋಟೀನನ್ನು ತಯಾರಿಸುತ್ತವೆ. ಅದು ಟೈರೋಸಿನ್ ಕೈನೇಸ್ ಎಂಬ ವರ್ಗಕ್ಕೆ ಸೇರಿದ ಕಿಣ್ವ. ಇತರ ಪ್ರೋಟೀನುಗಳಿಗೆ ಫಾಸ್ಫೇಟನ್ನು ಅಂಟಿಸಿ, ಕೋಶದೊಳಗೆ 'ಬೆಳೆ, ವಿಭಜಿಸು' ಎಂಬ ಸಂದೇಶವನ್ನು ಸಾಗಿಸುವುದು ಅದರ ಕೆಲಸ. ಸಹಜ ಕೈನೇಸುಗಳು ಅಗತ್ಯವಿದ್ದಾಗ ಮಾತ್ರ ಕೆಲಸ ಮಾಡಿದರೆ, ಈ ಕೂಡುಪ್ರೋಟೀನು ಬಿಡುವಿಲ್ಲದೆ ಸಂದೇಶ ಕಳುಹಿಸುತ್ತಲೇ ಇರುತ್ತದೆ.

ಸ್ವಿಟ್ಜರ್‌ಲೆಂಡಿನ ಸಿಬಾ-ಗೈಗಿ ಕಂಪನಿಯಲ್ಲಿ ನಿಕೊಲಸ್ ಲೈಡನ್ ಮತ್ತು ಸಂಗಡಿಗರು ರೂಪಿಸಿದ ಅಣುವನ್ನು ಅಮೆರಿಕದ ಆರೆಗಾನ್‌ನಲ್ಲಿ ಬ್ರಯನ್ ಡ್ರೂಕರ್ ಪರೀಕ್ಷಿಸಿ, 1998ರಲ್ಲಿ ಮೊದಲ ಬಾರಿಗೆ ರೋಗಿಗಳಿಗೆ ಕೊಟ್ಟರು. 2001ರ ಮೇ ತಿಂಗಳಲ್ಲಿ ಅಮೆರಿಕದ ಅನುಮತಿ ಪಡೆದ ಈ ಇಮ್ಯಾಟಿನಿಬ್, ಹಿಂದೆ ಕೆಲವೇ ವರ್ಷಗಳಲ್ಲಿ ಸಾವಿಗೆ ಕೊಂಡೊಯ್ಯುತ್ತಿದ್ದ ರೋಗವನ್ನು ದಿನಕ್ಕೊಂದು ಮಾತ್ರೆ ನುಂಗಿ ಹತ್ತಾರು ವರ್ಷ ಬಾಳಬಹುದಾದ ಸ್ಥಿತಿಗೆ ತಂದಿತು. ಭಾರತೀಯ ಕಂಪನಿಗಳು ತಯಾರಿಸಿದ ಜೆನೆರಿಕ್ ಮಾತ್ರೆಗಳು ಮೂಲ ಬ್ರ್ಯಾಂಡಿನ ಅಲ್ಪ ಭಾಗದ ಬೆಲೆಗೆ ಸಿಗುವಂತಾದದ್ದು, ಗ್ಲಿವೆಕ್ ಎಂಬ ಆ ಬ್ರ್ಯಾಂಡಿನ ಪೇಟೆಂಟ್ ಅರ್ಜಿಯನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು ಇವೆಲ್ಲ ಸೇರಿ ಈ ಚಿಕಿತ್ಸೆ ಇಲ್ಲಿನ ಬಡವರಿಗೂ ಎಟಕುವಂತಾಯಿತು. ಇದರ ಇನ್ನೊಂದು ಪರಿಣಾಮದ ಮೇಲೆ ಅಷ್ಟಾಗಿ ಗಮನ ಹೋಗಿಲ್ಲ. ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಯಲ್ಲಿ ರೋಗ ಪತ್ತೆಯಾಗಿ ಮಾತ್ರೆ ಆರಂಭಿಸಿದವರು ವರ್ಷದ ಬಹುಪಾಲು ದಿನಗಳನ್ನು ತಮ್ಮ ಊರಿನಲ್ಲೇ ಕಳೆಯುತ್ತಾರೆ. ಅವರ ಜ್ವರಕ್ಕೆ, ಹಲ್ಲುನೋವಿಗೆ, ಮೊಣಕಾಲು ನೋವಿಗೆ ಮದ್ದು ಕೊಡುವವರು ರಕ್ತರೋಗತಜ್ಞರಲ್ಲ, ತಾಲ್ಲೂಕಿನ ವೈದ್ಯರು, ದಂತವೈದ್ಯರು ಮತ್ತು ಮೆಡಿಕಲ್ ಶಾಪಿನವರು.

ರಕ್ತಸ್ರಾವದ ಹೊಣೆಯನ್ನೆಲ್ಲ ಔಷಧದ ಮೇಲೆ ಹೊರಿಸುವ ಮುನ್ನ ರೋಗದ ಪಾಲನ್ನು ಬೇರೆ ಮಾಡಬೇಕಾಗುತ್ತದೆ. ಸಿಎಂಎಲ್‌ನಲ್ಲಿ ಕೆಲವರ ಪ್ಲೇಟ್‌ಲೆಟ್ ಎಣಿಕೆ ಹತ್ತು ಲಕ್ಷವನ್ನೂ ಮೀರುತ್ತದೆ, ಮತ್ತು ವಿಚಿತ್ರವೆಂದರೆ ಇಂಥವರಲ್ಲೂ ಮೂಗಿನಿಂದ, ವಸಡಿನಿಂದ ರಕ್ತ ಸೋರಬಹುದು. ಗಾಯವಾದ ರಕ್ತನಾಳದ ಗೋಡೆಗೆ ಪ್ಲೇಟ್‌ಲೆಟ್‌ಗಳನ್ನು ಅಂಟಿಸುವ ವಾನ್ ವಿಲ್ಲೆಬ್ರಾಂಡ್ ಅಂಶ ಎಂಬ ಪ್ರೋಟೀನಿನ ದೊಡ್ಡ ಸರಪಳಿಗಳನ್ನು ಮಿತಿಮೀರಿದ ಪ್ಲೇಟ್‌ಲೆಟ್‌ಗಳೇ ಹೀರಿ ಖಾಲಿಮಾಡುವುದು ಇದಕ್ಕೆ ಕಾರಣ. ಇದಕ್ಕೆ ಎದುರಾದ ಸ್ಥಿತಿ ಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೂಳೆಮಜ್ಜೆಯನ್ನು ರೋಗದ ಕೋಶಗಳೇ ಆಕ್ರಮಿಸಿರುವಾಗ ಔಷಧ ಅವನ್ನು ತೆಗೆದುಹಾಕಿದರೆ, ಸಹಜ ಕೋಶಗಳು ಚೇತರಿಸಿಕೊಳ್ಳುವವರೆಗೆ ಪ್ಲೇಟ್‌ಲೆಟ್ ತಯಾರಿಕೆ ಕುಸಿಯುತ್ತದೆ. ಎಣಿಕೆ 50,000ಕ್ಕಿಂತ ಕೆಳಗಿಳಿದರೆ ಇಮ್ಯಾಟಿನಿಬ್ ನಿಲ್ಲಿಸಿ, 75,000 ಮುಟ್ಟಿದ ಮೇಲೆ ಮತ್ತೆ ಆರಂಭಿಸುವುದು ದೀರ್ಘಕಾಲಿಕ ಹಂತದ ರೋಗಿಗಳಲ್ಲಿ ಅನುಸರಿಸುವ ಕ್ರಮ. ರಕ್ತಪರೀಕ್ಷೆಯೇ ಮೊದಲು ಸುಳಿವು ಕೊಡುವುದರಿಂದ ಈ ಬಗೆಯ ಅಪಾಯವನ್ನು ನಿಭಾಯಿಸುವುದು ಕಷ್ಟವಲ್ಲ.

ಇಮ್ಯಾಟಿನಿಬ್‌ಗೆ ಪ್ಲೇಟ್‌ಲೆಟ್‌ಗಳ ಕೆಲಸವನ್ನು ಕೆಡಿಸುವ ಗುಣ ಹೆಚ್ಚಾಗಿಲ್ಲ. ಆದರೆ ಅದರೊಂದಿಗೆ ತಳುಕು ಹಾಕಿಕೊಂಡಿರುವ ಒಂದು ಅಪರೂಪದ ತೊಡಕು ಜಠರದಲ್ಲಿ ಕಾಣಿಸಿಕೊಳ್ಳುತ್ತದೆ. ಜಠರದ ಕೆಳತುದಿಯ ಒಳಪದರದಲ್ಲಿ ಕಿರುರಕ್ತನಾಳಗಳು ಹಿಗ್ಗಿ, ಎಂಡೋಸ್ಕೋಪಿಯಲ್ಲಿ ನೋಡಿದಾಗ ಕೆಂಪು ಪಟ್ಟೆಗಳಾಗಿ ಕಾಣುವ ಈ ಸ್ಥಿತಿಗೆ ವೈದ್ಯರು 'ವಾಟರ್‌ಮೆಲನ್ ಸ್ಟಮಕ್' ಎನ್ನುತ್ತಾರೆ. ಇಲ್ಲಿ ರಕ್ತ ಧಾರೆಯಾಗಿ ಹರಿಯುವುದಿಲ್ಲ. ವಾರಗಟ್ಟಲೆ ಜಿನುಗುತ್ತ ಹೋಗಿ, ಹಿಮೋಗ್ಲೋಬಿನ್ ಇಳಿದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಮಟ್ಟಕ್ಕೆ ತಲುಪಿದಾಗ ಅದು ಗೊತ್ತಾಗುತ್ತದೆ. ಕ್ಯಾನ್ಸರ್ ರೋಗಿಗೆ ರಕ್ತಹೀನತೆ ಇದ್ದರೆ ಅದನ್ನು ರೋಗದ ಅಥವಾ ಮಾತ್ರೆಯ ಸಾಮಾನ್ಯ ಫಲವೆಂದು ಬಗೆಯುವುದು ಸಹಜವಾದ್ದರಿಂದ ಕಾರಣ ಹುಡುಕಲು ತಡವಾಗುತ್ತದೆ. ಮಲ ಕಪ್ಪಾಗಿ, ಅಂಟಂಟಾಗಿ, ದುರ್ನಾತ ಬೀರುತ್ತಿದ್ದರೆ ಅದು ಜಠರದಲ್ಲಿ ರಕ್ತ ಸೋರುತ್ತಿರುವುದರ ಗುರುತು. ರಕ್ತಹೀನತೆಗೆಂದು ಕೊಟ್ಟ ಕಬ್ಬಿಣಾಂಶದ ಮಾತ್ರೆಯೂ ಮಲವನ್ನು ಕಪ್ಪಾಗಿಸುವುದರಿಂದ ಈ ಗುರುತು ಕೂಡ ಮಸುಕಾಗುವುದುಂಟು. ಔಷಧ ಬದಲಿಸಿದಾಗ, ಅಗತ್ಯವಿದ್ದರೆ ಎಂಡೋಸ್ಕೋಪಿಯ ಮೂಲಕ ಆ ನಾಳಗಳನ್ನು ಸುಟ್ಟು ಮುಚ್ಚಿದಾಗ, ಸ್ರಾವ ನಿಂತ ಪ್ರಕರಣಗಳು ವರದಿಯಾಗಿವೆ.

ಇಮ್ಯಾಟಿನಿಬ್‌ಗೆ ಬಗ್ಗದ ರೋಗಕ್ಕೆಂದು 2006ರಲ್ಲಿ ಬಂದ ಡಸಾಟಿನಿಬ್‌ನ ಸಂಗತಿ ಬೇರೆ. ರಸಾಯನವಿಜ್ಞಾನಿ ಜಗಬಂಧು ದಾಸ್ ಅವರ ಹೆಸರನ್ನು ಹೊತ್ತಿರುವ ಈ ಅಣು ಬಿಸಿಆರ್-ಏಬಿಎಲ್ ಅನ್ನು ಇಮ್ಯಾಟಿನಿಬ್‌ಗಿಂತ ನೂರಾರು ಪಟ್ಟು ಬಲವಾಗಿ ತಡೆಯುವುದರ ಜೊತೆಗೆ ಸಾರ್ಕ್ ಕುಟುಂಬದ ಕೈನೇಸುಗಳನ್ನೂ ತಡೆಯುತ್ತದೆ. ಮಾನವ ದೇಹದಲ್ಲಿ 500ಕ್ಕೂ ಹೆಚ್ಚು ಬಗೆಯ ಕೈನೇಸುಗಳಿದ್ದು, ಔಷಧದ ಅಣು ಹೋಗಿ ಕೂರುವ ಕುಳಿ ಅವುಗಳಲ್ಲಿ ಬಹುತೇಕ ಒಂದೇ ರೀತಿ ಇರುವುದರಿಂದ, ಒಂದನ್ನು ಗುರಿಯಿಟ್ಟ ಅಣು ಇನ್ನೊಂದಕ್ಕೆ ತಗಲುವುದು ಆಶ್ಚರ್ಯದ ವಿಷಯವಲ್ಲ. 'ಗುರಿನಿರ್ದೇಶಿತ' ಎಂಬ ಮಾತು ಕೊಡುವ ಭರವಸೆ ಔಷಧಕ್ಕೆ ಇರುವ ನಿಖರತೆಗಿಂತ ಯಾವಾಗಲೂ ತುಸು ಹೆಚ್ಚೇ.

ಪ್ಲೇಟ್‌ಲೆಟ್‌ಗೂ ಸಾರ್ಕ್ ಕೈನೇಸುಗಳಿಗೂ ಇರುವ ನಂಟನ್ನು ತಿಳಿಯಲು ಗಾಯವಾದ ಕ್ಷಣದಲ್ಲಿ ನಡೆಯುವುದನ್ನು ನೋಡಬೇಕು. ರಕ್ತನಾಳ ಹರಿದಾಗ ಅದರ ಗೋಡೆಯೊಳಗಿನ ಕೊಲಾಜನ್ ಎಂಬ ನಾರು ರಕ್ತಕ್ಕೆ ತೆರೆದುಕೊಳ್ಳುತ್ತದೆ. ಹರಿದುಹೋಗುತ್ತಿರುವ ಪ್ಲೇಟ್‌ಲೆಟ್ ತನ್ನ ಮೈಮೇಲಿನ ಗ್ರಾಹಕದಿಂದ ಈ ನಾರನ್ನು ಮುಟ್ಟಿದೊಡನೆ ಒಳಗಿರುವ ಸಾರ್ಕ್ ಕೈನೇಸುಗಳು ಎಚ್ಚೆತ್ತು, ಸಂದೇಶವನ್ನು ಸಿಕ್ ಎಂಬ ಕೈನೇಸಿಗೂ ಅಲ್ಲಿಂದ ಬಿಟಿಕೆ ಮತ್ತು ಟೆಕ್ ಎಂಬ ಇನ್ನೆರಡಕ್ಕೂ ದಾಟಿಸುತ್ತವೆ. ಕೊನೆಗೆ ಕೋಶದೊಳಗೆ ಕ್ಯಾಲ್ಸಿಯಂ ಏರಿ, ತಟ್ಟೆಯಂತೆ ಚಪ್ಪಟೆಯಾಗಿದ್ದ ಪ್ಲೇಟ್‌ಲೆಟ್ ಚಾಚುಗಳನ್ನು ಹೊರಹಾಕಿ ಪಕ್ಕದವುಗಳೊಡನೆ ಹೆಣೆದುಕೊಂಡು ಗಾಯವನ್ನು ಮುಚ್ಚುತ್ತದೆ. ಈ ಹಾದಿಯ ಯಾವುದೇ ಒಂದು ಕೊಂಡಿಯನ್ನು ಔಷಧ ಹಿಡಿದುಕೊಂಡರೆ ಸಂದೇಶ ಅಲ್ಲಿಗೇ ನಿಲ್ಲುತ್ತದೆ.

ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಲಂಡನ್ನಿನ ಗುಸ್ತಾವ್ ಬಾರ್ನ್ 1962ರಲ್ಲಿ ರೂಪಿಸಿದ ವಿಧಾನದಂತೆ, ಸಿಟ್ರೇಟ್ ಬೆರೆಸಿ ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ನಿಧಾನವಾಗಿ ಗಿರಕಿ ಹೊಡೆಸಿದರೆ ಕೆಂಪುಕಣಗಳು ತಳಕ್ಕಿಳಿದು, ಪ್ಲೇಟ್‌ಲೆಟ್ ತುಂಬಿದ, ಒಣಹುಲ್ಲಿನ ಬಣ್ಣದ ಮಬ್ಬು ದ್ರವ ಮೇಲುಳಿಯುತ್ತದೆ. ಅದನ್ನು ದೇಹದ ಶಾಖವಾದ 37 ಡಿಗ್ರಿಯಲ್ಲಿಟ್ಟು, ಪುಟ್ಟ ಗಾಜಿನ ನಳಿಕೆಯಲ್ಲಿ ಕಲಕುತ್ತ, ಒಂದು ಬದಿಯಿಂದ ಬೆಳಕು ಹಾಯಿಸಿ ಚೂರು ಕೊಲಾಜನ್ ಬೆರೆಸಿದರೆ, ಆರೋಗ್ಯವಂತರ ಪ್ಲೇಟ್‌ಲೆಟ್‌ಗಳು ಕೆಲವೇ ನಿಮಿಷಗಳಲ್ಲಿ ಗುಂಪುಗೂಡಿ ದ್ರವ ತಿಳಿಯಾಗುತ್ತದೆ, ಬೆಳಕು ಸರಾಗವಾಗಿ ಹಾಯುತ್ತದೆ, ಯಂತ್ರ ಬರೆಯುವ ಗೆರೆ ಏರುತ್ತದೆ. ಡಸಾಟಿನಿಬ್ ಸೇವಿಸಿದವರ ಮಾದರಿಯಲ್ಲಿ ಅಷ್ಟೇ ಸಂಖ್ಯೆಯ ಪ್ಲೇಟ್‌ಲೆಟ್‌ಗಳಿದ್ದರೂ ದ್ರವ ಮಬ್ಬಾಗಿಯೇ ಉಳಿದು ಗೆರೆ ಅಷ್ಟಾಗಿ ಮೇಲೇಳದಿರುವುದುಂಟು. ರಕ್ತ ತೆಗೆದ ಕೆಲವೇ ಗಂಟೆಗಳೊಳಗೆ ಮಾಡಿ ಮುಗಿಸಬೇಕಾದ ಈ ಪರೀಕ್ಷೆ ದೊಡ್ಡ ಕೇಂದ್ರಗಳ ಹೊರಗೆ ಸಿಗುವುದು ಅಪರೂಪ. ಎಲ್ಲೆಡೆ ಸಿಗುವ, ಸಿಬಿಸಿ ಎಂಬ ಸಾಮಾನ್ಯ ರಕ್ತಪರೀಕ್ಷೆ ಎಣಿಕೆಯನ್ನಷ್ಟೇ ಹೇಳುತ್ತದೆ.

ಡಸಾಟಿನಿಬ್‌ನ ಆರಂಭದ ವರ್ಷಗಳ ಅಧಿಕೃತ ಮಾಹಿತಿಪತ್ರದಲ್ಲಿ ತೀವ್ರ ಜಠರ-ಕರುಳಿನ ರಕ್ತಸ್ರಾವ ನೂರಕ್ಕೆ ನಾಲ್ವರಲ್ಲಿ, ಮಿದುಳಿನ ತೀವ್ರ ರಕ್ತಸ್ರಾವ ನೂರಕ್ಕೆ ಒಬ್ಬರಲ್ಲಿ ಆಗಿತ್ತೆಂದು ದಾಖಲಾಗಿತ್ತು. ಆಗಿನ ರೋಗಿಗಳಲ್ಲಿ ಹಲವರ ರೋಗ ಮುಂದುವರಿದ ಹಂತದಲ್ಲಿದ್ದು, ಅವರ ಪ್ಲೇಟ್‌ಲೆಟ್ ಎಣಿಕೆಯೂ ಕುಸಿದಿತ್ತು ಎಂಬುದನ್ನು ಈ ಅಂಕಿಗಳ ಜೊತೆಗೆ ಓದಿಕೊಳ್ಳಬೇಕು. ದಿನಕ್ಕೆರಡು ಬಾರಿ 70 ಮಿಲಿಗ್ರಾಂ ಕೊಡುತ್ತಿದ್ದುದನ್ನು ದೀರ್ಘಕಾಲಿಕ ಹಂತದವರಿಗೆ ದಿನಕ್ಕೊಮ್ಮೆ 100 ಮಿಲಿಗ್ರಾಂಗೆ ಬದಲಿಸಿದ ಮೇಲೆ, ಚಿಕಿತ್ಸೆಯ ಫಲ ಕುಂದದೆ ಅಡ್ಡಪರಿಣಾಮಗಳು ತಗ್ಗಿದವು. ದೊಡ್ಡ ಕರುಳಿನ ಉರಿಯೂತದಿಂದ ರಕ್ತಭೇದಿಯಾಗುವುದು, ಕೆಲವರಲ್ಲಿ ಅದರ ಜೊತೆಗೆ ಸೈಟೊಮೆಗಲೊ ವೈರಸ್ ಮತ್ತೆ ತಲೆಯೆತ್ತಿರುವುದು ಈ ಔಷಧದ ಇನ್ನೊಂದು ವಿರಳ ತೊಡಕು.

ಸಿಎಲ್‌ಎಲ್, ಅಂದರೆ ದೀರ್ಘಕಾಲಿಕ ಲಿಂಫೊಸೈಟಿಕ್ ಲ್ಯುಕೇಮಿಯಾ, ಬಿ ಲಿಂಫೊಸೈಟ್ ಎಂಬ ಬಿಳಿಯ ರಕ್ತಕಣಗಳಿಂದ ಹುಟ್ಟುವ, ಹೆಚ್ಚಾಗಿ ವಯಸ್ಸಾದವರನ್ನು ಕಾಡುವ ಇನ್ನೊಂದು ರಕ್ತದ ಕ್ಯಾನ್ಸರ್. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಇದು ಕಡಿಮೆ. 2014ರಲ್ಲಿ ಇದರ ಚಿಕಿತ್ಸೆಗೆ ಅಮೆರಿಕದಲ್ಲಿ ಅನುಮತಿ ಪಡೆದ ಇಬ್ರುಟಿನಿಬ್, ಮೇಲೆ ಹೇಳಿದ ಬಿಟಿಕೆಯನ್ನೇ ತಡೆಯುತ್ತದೆ. ಪ್ಲೇಟ್‌ಲೆಟ್‌ಗಳಲ್ಲಿಯೂ ಬಿಟಿಕೆ ಇರುವುದರಿಂದ ರಕ್ತಸ್ರಾವ ನಿರೀಕ್ಷಿತವೇ ಎನ್ನಿಸಬಹುದು. ಆದರೆ ಇಲ್ಲೊಂದು ಒಗಟಿತ್ತು. 1952ರಲ್ಲಿ ಅಮೆರಿಕದ ಸೇನಾವೈದ್ಯ ಆಗ್ಡೆನ್ ಬ್ರೂಟನ್ ವರ್ಣಿಸಿದ ಒಂದು ಹುಟ್ಟುರೋಗದಲ್ಲಿ ಮಕ್ಕಳ ದೇಹದಲ್ಲಿ ಬಿಟಿಕೆ ಕೆಲಸವನ್ನೇ ಮಾಡುವುದಿಲ್ಲ. ಬಿಟಿಕೆಯ ಹೆಸರಿನ ಮೊದಲಕ್ಷರ ಬಂದದ್ದೂ ಬ್ರೂಟನ್ ಅವರಿಂದಲೇ. ಆ ಮಕ್ಕಳು ಪ್ರತಿಕಾಯಗಳಿಲ್ಲದೆ ಸೋಂಕುಗಳಿಂದ ನರಳುತ್ತಾರೆಯೇ ಹೊರತು ಅವರಿಗೆ ರಕ್ತಸ್ರಾವದ ಕಾಟವಿಲ್ಲ. ಹುಟ್ಟಿನಿಂದಲೇ ಬಿಟಿಕೆ ಇಲ್ಲದವರಿಗೆ ಆಗದ ತೊಂದರೆ, ಅದನ್ನು ಔಷಧದಿಂದ ತಡೆದವರಿಗೆ ಏಕಾಗಬೇಕು? ಬಿಟಿಕೆ ಇಲ್ಲದ ಪ್ಲೇಟ್‌ಲೆಟ್‌ನಲ್ಲಿ ಟೆಕ್ ಆ ಕೆಲಸವನ್ನು ಒಂದು ಮಟ್ಟಿಗೆ ವಹಿಸಿಕೊಳ್ಳುತ್ತದೆ, ಇಬ್ರುಟಿನಿಬ್ ಮಾತ್ರ ಟೆಕ್ ಅನ್ನೂ, ಸ್ವಲ್ಪಮಟ್ಟಿಗೆ ಸಾರ್ಕ್ ಕೈನೇಸುಗಳನ್ನೂ ತಡೆಯುತ್ತದೆ ಎಂಬುದು ವಿಜ್ಞಾನಿಗಳು ಕೊಡುವ ವಿವರಣೆ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಗುಣ ಇಬ್ರುಟಿನಿಬ್‌ಗಿದೆ. ಡಸಾಟಿನಿಬ್ ತನ್ನ ಗುರಿಯನ್ನು ಹಿಡಿದು ಬಿಡುವ ಅಣುವಾದ್ದರಿಂದ ಅದು ರಕ್ತದಿಂದ ಇಳಿದಂತೆ ಪ್ಲೇಟ್‌ಲೆಟ್‌ನ ಕೆಲಸ ಮರಳುತ್ತದೆ. ಇಬ್ರುಟಿನಿಬ್ ಬಿಟಿಕೆಗೆ ರಾಸಾಯನಿಕ ಬಂಧದಿಂದ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಬೇರೆ ಕೋಶಗಳು ಹೊಸ ಬಿಟಿಕೆ ತಯಾರಿಸಿಕೊಳ್ಳಬಲ್ಲವು, ಆದರೆ ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವೇ ಇಲ್ಲ. ಅದು ತನ್ನ ಏಳರಿಂದ ಹತ್ತು ದಿನಗಳ ಆಯುಸ್ಸನ್ನು ಹಾಗೆಯೇ ಕಳೆಯಬೇಕು. ಆದ್ದರಿಂದಲೇ ಶಸ್ತ್ರಚಿಕಿತ್ಸೆಗೆ ಮುಂಚೆ ಮತ್ತು ಅನಂತರ, ಅದರ ಸ್ವರೂಪವನ್ನು ಅನುಸರಿಸಿ, ಮೂರರಿಂದ ಏಳು ದಿನ ಈ ಮಾತ್ರೆಯನ್ನು ನಿಲ್ಲಿಸುವ ಕ್ರಮವಿದೆ. ಹಲ್ಲು ಕೀಳಿಸುವುದೂ ಶಸ್ತ್ರಚಿಕಿತ್ಸೆಯೇ ಎಂಬುದನ್ನು ರೋಗಿಗಳು ಮರೆಯುವುದೇ ಹೆಚ್ಚು.

ಇಬ್ರುಟಿನಿಬ್‌ನ ಪರೀಕ್ಷಾ ಅಧ್ಯಯನಗಳಲ್ಲಿ ಪಾಲ್ಗೊಂಡ 2,838 ರೋಗಿಗಳ ಲೆಕ್ಕದಲ್ಲಿ, ಚರ್ಮದ ಮೇಲಿನ ನೀಲಿಗಟ್ಟಿದ ಕಲೆಗಳನ್ನೂ ಕೂಡಿಸಿ ಒಂದಲ್ಲ ಒಂದು ಬಗೆಯ ರಕ್ತಸ್ರಾವ ಆದವರು ನೂರಕ್ಕೆ 39. ಗಂಭೀರ ರಕ್ತಸ್ರಾವ ನೂರಕ್ಕೆ ಸುಮಾರು ನಾಲ್ವರಲ್ಲಿ, ಅದರಿಂದ ಸಾವು ಸಾವಿರಕ್ಕೆ ನಾಲ್ವರಲ್ಲಿ. ರಕ್ತ ತೆಳುವಾಗಿಸುವ ಯಾವ ಔಷಧವನ್ನೂ ಸೇವಿಸದವರಲ್ಲಿ ಗಂಭೀರ ಸ್ರಾವ ನೂರಕ್ಕೆ 3.1 ಇದ್ದದ್ದು, ಹೆಪ್ಪುಗಟ್ಟುವಿಕೆಯನ್ನು ತಡೆಯುವ ಔಷಧ ಜೊತೆಗಿದ್ದವರಲ್ಲಿ 6.1ಕ್ಕೆ ಏರಿತ್ತು. ಚಿಕಿತ್ಸೆಯ ತೀರ ಕಠಿಣವಾದ ನಿರ್ಧಾರ ಹುಟ್ಟುವುದು ಇಲ್ಲಿಯೇ. ಇಬ್ರುಟಿನಿಬ್ ಕೆಲವರಲ್ಲಿ ಹೃದಯದ ಮೇಲ್ಕೋಣೆಗಳ ಬಡಿತವನ್ನು ಅಡ್ಡಾದಿಡ್ಡಿಯಾಗಿಸುತ್ತದೆ. ಹಾಗಾದವರ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದಾದ್ದರಿಂದ ಹೆಪ್ಪುತಡೆ ಔಷಧ ಬೇಕು; ಆ ಔಷಧ ಕೊಟ್ಟರೆ ರಕ್ತಸ್ರಾವದ ಭಯ. ಅತ್ತ ದರಿ ಇತ್ತ ಪುಲಿ ಎಂಬಂಥ ಈ ಸ್ಥಿತಿಯಲ್ಲಿ ಹೃದಯತಜ್ಞರೂ ರಕ್ತರೋಗತಜ್ಞರೂ ಕೂತು ಮಾತಾಡದೆ ಒಬ್ಬರೇ ಚೀಟಿ ಬರೆಯುವುದು ಸುರಕ್ಷಿತವಲ್ಲ.

ಇಬ್ರುಟಿನಿಬ್‌ನ ಆರಂಭದ ಅಧ್ಯಯನಗಳಲ್ಲಿ ವಾರ್ಫರಿನ್ ಎಂಬ ಹೆಪ್ಪುತಡೆ ಔಷಧ ಸೇವಿಸುತ್ತಿದ್ದ ಕೆಲವರಿಗೆ ಮಿದುಳಿನ ಹೊದಿಕೆಯ ಕೆಳಗೆ ರಕ್ತ ಶೇಖರವಾದ ಮೇಲೆ, ವಾರ್ಫರಿನ್ ಬೇಕಾದವರನ್ನು ಮುಂದಿನ ಅಧ್ಯಯನಗಳಿಂದ ಹೊರಗಿಡಲಾಯಿತು. ಸಬ್‌ಡ್ಯೂರಲ್ ಹೆಮಟೋಮ ಎಂಬ ಈ ತೊಡಕು ಇಮ್ಯಾಟಿನಿಬ್, ಡಸಾಟಿನಿಬ್ ಸೇವಿಸುವವರಲ್ಲೂ ವಿರಳವಾಗಿ ವರದಿಯಾಗಿದೆ. ವಯಸ್ಸಾದಂತೆ ಮಿದುಳು ತುಸು ಕುಗ್ಗಿ, ಅದನ್ನು ಹೊರಹೊದಿಕೆಗೆ ಸೇರಿಸುವ ಸಣ್ಣ ಅಭಿಧಮನಿಗಳು ಬಿಗಿಯಾಗಿ ಎಳೆದುಕೊಂಡಿರುತ್ತವೆ. ಬಾಗಿಲ ಮೇಲ್ಪಟ್ಟಿಗೆ ತಲೆ ತಾಗಿದಂಥ ಸಣ್ಣ ಪೆಟ್ಟಿಗೂ ಅವು ಹರಿಯಬಹುದು. ರಕ್ತ ನಿಧಾನವಾಗಿ ಸೇರಿಕೊಳ್ಳುವುದರಿಂದ ತಲೆನೋವು, ಮಂಕು, ಮರೆವು, ನಡೆಯುವಾಗ ಒಂದು ಕಡೆಗೆ ವಾಲುವುದು ಮುಂತಾದ ಲಕ್ಷಣಗಳು ಕಾಣಿಸಿಕೊಳ್ಳುವ ಹೊತ್ತಿಗೆ ವಾರಗಳು ಕಳೆದು, ಪೆಟ್ಟು ಬಿದ್ದದ್ದೇ ಮರೆತುಹೋಗಿರುತ್ತದೆ, ಮನೆಯವರು ವಯಸ್ಸಿನ ಅರಳುಮರಳು ಎಂದುಕೊಳ್ಳುತ್ತಾರೆ. ಒಂದು ಸಿ.ಟಿ. ಸ್ಕ್ಯಾನ್‌ನಲ್ಲಿ ಪತ್ತೆಯಾಗುವ, ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಿಂದ ಬಹುಮಟ್ಟಿಗೆ ಗುಣವಾಗುವ ತೊಡಕಿದು.

ದಿನನಿತ್ಯದ ಬದುಕಿನಲ್ಲಿ ಅಪಾಯ ಹೆಚ್ಚಿಸುವ ಸಂಗತಿಗಳು ಬಹಳ ಸಾಮಾನ್ಯವಾದವು. ಮೆಡಿಕಲ್ ಶಾಪಿನಲ್ಲಿ ಕೇಳಿದೊಡನೆ ಕೊಡುವ ಡೈಕ್ಲೊಫಿನ್ಯಾಕ್, ಐಬುಪ್ರೊಫೆನ್, ಆಸ್ಪಿರಿನ್‌ನಂಥ ಮಾತ್ರೆಗಳು ಪ್ಲೇಟ್‌ಲೆಟ್‌ನ ಇನ್ನೊಂದು ಸಂದೇಶಮಾರ್ಗವನ್ನು ತಡೆಯುವುದಲ್ಲದೆ ಜಠರದ ಒಳಪದರವನ್ನೂ ಕೆಣಕುತ್ತವೆ. ಜ್ವರಕ್ಕೆ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಇವುಗಳಿಗಿಂತ ವಾಸಿ. ಮೀನೆಣ್ಣೆಯ ಮತ್ತು ವಿಟಮಿನ್ ಇ ಗುಳಿಗೆಗಳನ್ನೂ ಇಬ್ರುಟಿನಿಬ್ ಜೊತೆಗೆ ಬೇಡವೆನ್ನುತ್ತಾರೆ. ಈ ಕೈನೇಸ್‌ತಡೆ ಮಾತ್ರೆಗಳನ್ನು ಯಕೃತ್ತಿನ ಒಂದೇ ಕಿಣ್ವ ಮುಖ್ಯವಾಗಿ ಕರಗಿಸುವುದರಿಂದ, ಆ ಕಿಣ್ವವನ್ನು ತಡೆಯುವ ಕ್ಲಾರಿಥ್ರೊಮೈಸಿನ್‌ನಂಥ ಆ್ಯಂಟಿಬಯಾಟಿಕ್ ಅಥವಾ ಹುಳುಕಡ್ಡಿಗೆ ಧಾರಾಳವಾಗಿ ಕೊಡುವ ಇಟ್ರಾಕೊನಜೋಲ್ ಸೇವಿಸಿದರೆ ರಕ್ತದಲ್ಲಿ ಔಷಧದ ಮಟ್ಟ ಏರಿ, ಸರಿಯಾದ ಪ್ರಮಾಣವೇ ಮಿತಿಮೀರಿದ ಪ್ರಮಾಣವಾಗುತ್ತದೆ. ಭಾರತದಲ್ಲಿ ಸಿಎಂಎಲ್ ಪಾಶ್ಚಾತ್ಯ ದೇಶಗಳಿಗಿಂತ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುವುದರಿಂದ ರೋಗಿಗಳಲ್ಲಿ ಮುಟ್ಟಾಗುವ ವಯಸ್ಸಿನ ಹೆಂಗಸರೂ ಅನೇಕರಿದ್ದಾರೆ. ಮಾತ್ರೆ ಆರಂಭಿಸಿದ ಮೇಲೆ ತಿಂಗಳ ಸ್ರಾವ ಹೆಚ್ಚಾದರೆ ಅದನ್ನು ವೈದ್ಯರು ಕೇಳುವುದಿಲ್ಲ, ಇವರು ಹೇಳುವುದಿಲ್ಲ; ಹಿಮೋಗ್ಲೋಬಿನ್ ಮಾತ್ರ ಇಳಿಯುತ್ತಿರುತ್ತದೆ.

ರಕ್ತಸ್ರಾವ ಗಂಭೀರವಾದಾಗ ಮೊದಲ ಹೆಜ್ಜೆ ಮಾತ್ರೆಯನ್ನು ನಿಲ್ಲಿಸುವುದು. ಆದರೆ ಅದನ್ನು ವೈದ್ಯರ ಸಲಹೆಯ ಮೇಲೆಯೇ ಮಾಡಬೇಕು, ಏಕೆಂದರೆ ವಸಡಿನಲ್ಲಿ ಹನಿ ರಕ್ತ ಕಂಡಿತೆಂದು ತಾವಾಗಿಯೇ ಮಾತ್ರೆ ಬಿಟ್ಟವರಲ್ಲಿ ಲ್ಯುಕೇಮಿಯಾ ಮರಳುವ ಅಪಾಯ ರಕ್ತಸ್ರಾವದ ಅಪಾಯಕ್ಕಿಂತ ದೊಡ್ಡದು. ಎಣಿಕೆ ಸರಿಯಿದ್ದರೂ ಪ್ಲೇಟ್‌ಲೆಟ್ ಕೊಡಬೇಕಾಗಿ ಬರಬಹುದೆಂಬುದು ಡೆಂಗಿಯ ಲೆಕ್ಕಕ್ಕೆ ಒಗ್ಗಿದವರಿಗೆ ವಿಚಿತ್ರವೆನ್ನಿಸಬಹುದು. ಇಬ್ರುಟಿನಿಬ್ ಕೆಲವೇ ಗಂಟೆಗಳಲ್ಲಿ ರಕ್ತದಿಂದ ಇಳಿದುಹೋಗುವುದರಿಂದ, ಆ ಬಳಿಕ ದಾನಿಯಿಂದ ಬಂದ, ಔಷಧ ತಾಗದ ಪ್ಲೇಟ್‌ಲೆಟ್‌ಗಳು ಕೆಲಸಕ್ಕಿಳಿಯುತ್ತವೆ. ಮಾತ್ರೆ ನುಂಗಿದ ಬೆನ್ನಿಗೇ ಕೊಟ್ಟರೆ ಅವೂ ಹಿಡಿತಕ್ಕೆ ಸಿಕ್ಕಿ ವ್ಯರ್ಥವಾಗುತ್ತವೆ. ಕೊನೆಯ ಮಾತ್ರೆ ನುಂಗಿದ ಹೊತ್ತನ್ನು ತುರ್ತುಘಟಕದಲ್ಲಿ ಕೇಳಿ ಬರೆದುಕೊಳ್ಳುವುದು ಇದಕ್ಕಾಗಿ.

ಔಷಧ ರೂಪಿಸುವವರಿಗೂ ಪ್ಲೇಟ್‌ಲೆಟ್ ಈಗ ಪಾಠ ಕಲಿಸಿದೆ. ಬಿಟಿಕೆಯನ್ನು ಹೆಚ್ಚು ಆಯ್ದು ತಡೆಯುವ ಅಕಲಾಬ್ರುಟಿನಿಬ್, ಜಾನುಬ್ರುಟಿನಿಬ್, ಶಾಶ್ವತವಾಗಿ ಅಂಟಿಕೊಳ್ಳದ ಪಿರ್ಟೊಬ್ರುಟಿನಿಬ್ ಒಂದರ ಹಿಂದೊಂದು ಬಂದಿವೆ; ಇವುಗಳಿಂದಲೂ ನೀಲಿಗಟ್ಟುವಿಕೆ, ರಕ್ತಸ್ರಾವ ಪೂರ್ಣ ತಪ್ಪಿಲ್ಲ. ಇದಕ್ಕಿಂತ ಸ್ಪಷ್ಟವಾದ ಗೆಲುವು ವೆನಿಟೊಕ್ಲ್ಯಾಕ್ಸ್‌ನದು. ಕ್ಯಾನ್ಸರ್ ಕೋಶಗಳನ್ನು ಸಾಯದಂತೆ ಕಾಯುವ ಬಿಸಿಎಲ್-2 ಎಂಬ ಪ್ರೋಟೀನನ್ನು ತಡೆಯಲು ಮೊದಲು ತಯಾರಿಸಿದ ನ್ಯಾವಿಟೊಕ್ಲ್ಯಾಕ್ಸ್ ಅದರ ಸೋದರನಾದ ಬಿಸಿಎಲ್-ಎಕ್ಸ್‌ಎಲ್ ಅನ್ನೂ ತಡೆಯುತ್ತಿತ್ತು, ಮತ್ತು ಅದನ್ನು ಕೊಟ್ಟೊಡನೆ ರೋಗಿಗಳ ಪ್ಲೇಟ್‌ಲೆಟ್ ಎಣಿಕೆ ಕುಸಿಯುತ್ತಿತ್ತು. ಪ್ಲೇಟ್‌ಲೆಟ್ ಎಷ್ಟು ದಿನ ಬದುಕಬೇಕೆಂಬುದನ್ನು ನಿರ್ಧರಿಸುವುದು ಬಿಸಿಎಲ್-ಎಕ್ಸ್‌ಎಲ್ ಎಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನ ವಿಜ್ಞಾನಿಗಳು 2007ರಲ್ಲಿ ತೋರಿಸಿದ್ದರು. ಅದನ್ನು ಮುಟ್ಟದೆ ಬಿಸಿಎಲ್-2 ಅನ್ನು ಮಾತ್ರ ಹಿಡಿಯುವಂತೆ ಅಣುವನ್ನು ತಿದ್ದಿ ರೂಪಿಸಿದ್ದೇ ವೆನಿಟೊಕ್ಲ್ಯಾಕ್ಸ್. 2016ರಲ್ಲಿ ಸಿಎಲ್‌ಎಲ್‌ಗೆ ಅನುಮತಿ ಪಡೆದ ಅದನ್ನು ಇಂದು, ರಕ್ತಸ್ರಾವದ ಭಯದಿಂದ ಇಬ್ರುಟಿನಿಬ್ ಕೊಡಲಾಗದ ರೋಗಿಗಳಿಗೂ ವೈದ್ಯರು ಆರಿಸಿಕೊಳ್ಳುತ್ತಾರೆ.